ಕಂಪ್ಯೂಟರಿನ ಮರೆವಿಗೆ ಮದ್ದರೆಯುವ ವಾಪಸಕ್ಕ

ಬೆಳಕು ಹರಿಯಬೇಕೋ ಬೇಡವೋ ಎಂದು ಇನ್ನೂ ಯೋಚಿಸುತ್ತಿದೆ. ಬೀದಿಯ ಕೊನೆಯಲ್ಲಿರುವ ಚಪ್ಪಲಿ ಕಾರ್ಖಾನೆಯ ಬಾಗಿಲು ಆಗಲೇ ಅರ್ಧ ತೆರೆದಿದೆ. ಕಾರ್ಖಾನೆ ಎಂದೊಡನೆ ಚಿಮಣಿ, ಸೈರನ್ನು ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಇಲ್ಲದ್ದನ್ನು ಕಲ್ಪಿಸಿಕೊಳ್ಳುವ ಕೆಲಸವನ್ನು ನನಗೆ ಬಿಡಿ. ಇದೊಂದು ಉದ್ದನೆಯ ಕೋಣೆ. ಒಂದು ಗೋಡೆಗೆ ರಬ್ಬರ್ ಹಾಳೆಯ ಸುರುಳಿಗಳು, ಎದುರು ಗೋಡೆಗೆ ಮರದ ಕಾಲಚ್ಚುಗಳು, ನಡುವೆ ಮೂಗಿನ ಕೂದಲು ಸುಡುವಷ್ಟು ಅಂಟಿನ ಘಾಟು. ಮೂಲೆಯಲ್ಲಿ ರಬ್ಬರ್ ಕತ್ತರಿಸುವ ಅಲಗಿನ ಯಂತ್ರ, ಅದನ್ನು ನಡೆಸುವ ಒಂದು ಕಂಪ್ಯೂಟರ್. ಹುಟ್ಟಿದಾಗ ಬೆಣ್ಣೆಯ ಬಣ್ಣವಿತ್ತಂತೆ, ಈಗ ಮುದಿ ಹಲ್ಲಿನ ಬಣ್ಣ. ಎಷ್ಟು ಹಳೆಯದೆಂದರೆ ಅದರೊಳಗಿನ ಧೂಳಿಗೇ ಪಿಂಚಣಿ ಕೊಡಬೇಕು. ಅದರ ಫ್ಯಾನು ತಿರುಗಲು ಶುರುವಾದರೆ ಸುತ್ತಲ ನಾಲ್ಕು ಬೀದಿಯ ನಾಯಿಗಳು ಎದ್ದು ನಿಲ್ಲುತ್ತವೆ. ಇದರಲ್ಲಿ ಉತ್ಪ್ರೇಕ್ಷೆಯಿಲ್ಲ, ಒಂದು ನಾಯಿ ಎದ್ದದ್ದನ್ನು ನಾನೇ ಕಣ್ಣಾರೆ ಕಂಡೆ.

ಕಂಪ್ಯೂಟರಿನ ಮುಂದೆ ಗಿಡ್ಡ ಸ್ಟೂಲಿನ ಮೇಲೆ ಐವತ್ತು ದಾಟಿದ ಹೆಂಗಸೊಬ್ಬರು ಕೂತಿದ್ದಾರೆ. ಸ್ವೆಟರಿನ ತೋಳು ಮೊಣಕೈಯವರೆಗೆ ಮಡಚಿದೆ, ಕನ್ನಡಕ ನೆತ್ತಿಗೇರಿದೆ. ನಾನು ಕೆಮ್ಮುತ್ತೇನೆ, ಕುರ್ಚಿ ಎಳೆಯುತ್ತೇನೆ, ಕೊನೆಗೆ ಬಾಯಿಬಿಟ್ಟು "ನಮಸ್ಕಾರ" ಎನ್ನುತ್ತೇನೆ. ಅವರು ತಲೆ ಎತ್ತುವುದಿಲ್ಲ.

"ಮೊದ್ಲು ನಕಲು, ಆಮೇಲೆ ನಮಸ್ಕಾರ," ಎನ್ನುತ್ತಾರೆ.

ಅವರೇ ವಾಪಸಕ್ಕ. ಈ ಪಟ್ಟಣದ ಹಳೆಯ ಕಂಪ್ಯೂಟರುಗಳ ನೆನಪಿನ ಶಕ್ತಿಗೆ ಒಬ್ಬರೇ ಕಾವಲು. ಹೊಸದೇನನ್ನೂ ಅವರು ಮಾರುವುದಿಲ್ಲ, ಕಟ್ಟುವುದಿಲ್ಲ. ಕಂಪ್ಯೂಟರ್ ಚೆನ್ನಾಗಿರುವಾಗ ಅದರ ರಿಜಿಸ್ಟ್ರಿಯ ನಕಲು ತೆಗೆದಿಡುವುದು, ಕೆಟ್ಟಾಗ ಅದನ್ನು ಮರಳಿ ಒಳಗೆ ಹಾಕುವುದು ಅವರ ಕೆಲಸ. ಕೆಟ್ಟ ಕಂಪ್ಯೂಟರಿನ ಮುಂದೆ ತಲೆಯ ಮೇಲೆ ಕೈಹೊತ್ತು ಕೂತವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ವಾಪಸ್ ಬರುತ್ತಾ ಅಕ್ಕ?" ಹಾಗೆ ಕೇಳಿ ಕೇಳಿಯೇ ಈ ಹೆಸರು ಬಂತು. ಅಪ್ಪ ಅಮ್ಮ ಇಟ್ಟ ಹೆಸರು ಪಡಿತರ ಚೀಟಿಗೂ ಮರೆತಿರಬೇಕು.

ರಿಜಿಸ್ಟ್ರಿ ಎಂದರೇನು ಎಂದು ಕೇಳಿದರೆ ಅವರು ಪಾಠ ಮಾಡುವುದಿಲ್ಲ. ಮನೆಯ ಮಾತು ತೆಗೆಯುತ್ತಾರೆ.

"ನಿಮ್ಮನೇನೇ ತಗೊಳ್ಳಿ ಸಾರ್. ಸಾಮಾನೆಲ್ಲ ಕಣ್ಣಿಗೆ ಕಾಣುತ್ತೆ. ಆದ್ರೆ ಉಪ್ಪಿನ ಡಬ್ಬಿ ಯಾವ ಗೂಡಲ್ಲಿ, ಬೀಗದ ಕೈ ಯಾವ ಮೊಳೆಗೆ, ಯಜಮಾನ್ರು ಯಾವ ಕುರ್ಚಿ ಬಿಟ್ಟು ಬೇರೆ ಕುರ್ಚೀಲಿ ಕೂರಲ್ಲ, ಅತ್ತೆಗೆ ಯಾವ ಲೋಟದಲ್ಲಿ ಕಾಫಿ ಕೊಟ್ರೆ ಸಿಟ್ಟು ಬರುತ್ತೆ, ಇದೆಲ್ಲ ಗೋಡೆ ಮೇಲೆ ಬರೆದಿರುತ್ತಾ? ಮನೆಯೋರ ತಲೇಲಿರುತ್ತೆ. ಕಂಪ್ಯೂಟರಿನ ಆ ತಲೇನೇ ರಿಜಿಸ್ಟ್ರಿ. ಅದು ಕೆಟ್ರೆ ಮನೆ ಬೀಳಲ್ಲ, ಸಾಮಾನು ಕಳುವಾಗಲ್ಲ. ಮನೆಗೆ ಮರೆವು ಬರುತ್ತೆ."

ಈ ಕಾರ್ಖಾನೆಯ ಮೂಲೆಯಲ್ಲಿರುವ ಯಂತ್ರಕ್ಕೂ ಈಗ ಮರೆವು ಬಂದಿದೆ. ವಾಸಿಯಾಗಲು ಇವತ್ತು ಮಧ್ಯಾಹ್ನದವರೆಗೆ ಮಾತ್ರ ಗಡುವು.

ಗಡುವು ಕೊಟ್ಟವರು ಚಪ್ಪಲಿ ಮೇಷ್ಟ್ರು, ಈ ಕಾರ್ಖಾನೆಯ ಯಜಮಾನರು. ಒಂದು ಕಾಲು ಗಿಡ್ಡ ಇರುವವರು, ಪಾದ ಒಳಕ್ಕೆ ತಿರುಗಿದವರು, ಸಕ್ಕರೆ ಕಾಯಿಲೆಯಲ್ಲಿ ಬೆರಳು ಕಳೆದುಕೊಂಡವರು, ಇಂಥವರಿಗೆಂದೇ ಚಪ್ಪಲಿ ಮಾಡುತ್ತಾರೆ. ಹೊಲಿಗೆ ಮೇಷ್ಟ್ರದು, ಕಂಪ್ಯೂಟರಿನಲ್ಲಿಟ್ಟ ಪಾದದ ನಕ್ಷೆಯಂತೆ ಅಟ್ಟೆ ಕತ್ತರಿಸುವುದು ಅವರ ಹೆಂಡತಿಯ ಕೆಲಸ. ಆಕೆಯನ್ನು ಎಲ್ಲರೂ ಪಾದದಮ್ಮ ಎನ್ನುತ್ತಾರೆ. ಊರಿನ ಅರ್ಧಕ್ಕರ್ಧ ಪಾದಗಳು ಆಕೆಗೆ ಬಾಯಿಪಾಠ. ಬೀದಿಯಲ್ಲಿ ಹೋಗುವವರ ಹೆಜ್ಜೆ ಸದ್ದು ಕೇಳಿ, ಯಾರ ಹಿಮ್ಮಡಿ ಸವೆದಿದೆ, ಯಾರು ಮನೆಯಲ್ಲಿ ಜಗಳವಾಡಿ ಬಂದಿದ್ದಾರೆ ಎಂದು ಹೇಳಬಲ್ಲರು. ಜಗಳದ ಮಾತು ನನ್ನ ಸೇರ್ಪಡೆ ಎಂದು ವಾಪಸಕ್ಕ ತಕರಾರು ಮಾಡುತ್ತಾರೆ.

ಪಾದದಮ್ಮನಿಗೆ ಎದುರಿಗಿರುವುದು ಸರಿಯಾಗಿ ಕಾಣುವುದಿಲ್ಲ. ಕಣ್ಣಿನ ನಡುವೆ ಮಸುಕು, ಅಂಚಿನಲ್ಲಿ ಮಾತ್ರ ಸ್ವಲ್ಪ ಬೆಳಕು. ವೈದ್ಯರು ಕೈಚೆಲ್ಲಿ ಎಷ್ಟೋ ಕಾಲವಾಯಿತು. ಆದರೂ ಆಕೆ ಕೆಲಸ ಬಿಟ್ಟಿರಲಿಲ್ಲ, ಏಕೆಂದರೆ ಈ ಕಂಪ್ಯೂಟರ್ ಆಕೆಯ ಕಣ್ಣಿಗೆ ತಕ್ಕಂತೆ ಪಳಗಿತ್ತು. ಕಪ್ಪು ಪರದೆ, ಮೊಟ್ಟೆಯ ಹಳದಿಯಂಥ ದಪ್ಪ ಅಕ್ಷರ. ಬಲಗೈ ರಬ್ಬರಿನ ಮೇಲಿರಬೇಕಾದ್ದರಿಂದ ಮೌಸು ಎಡಗೈಗೆ. ಮೇಲಿನ ಮೂಲೆಯಲ್ಲಿ 'ತೆರೆ', ಕೆಳಗಿನ ಮೂಲೆಯಲ್ಲಿ 'ಕತ್ತರಿಸು'. ಓದಬೇಕಾದ ಅಗತ್ಯವೇ ಇರಲಿಲ್ಲ. ಕೈಗೆ ದಾರಿ ಗೊತ್ತಿತ್ತು, ಕತ್ತಲಲ್ಲಿ ಎದ್ದವರಿಗೆ ಬಚ್ಚಲಿನ ದಾರಿ ಗೊತ್ತಿರುವ ಹಾಗೆ.

ಇಷ್ಟು ನೆಟ್ಟಗಿದ್ದ ಸಂಸಾರಕ್ಕೆ ಒಬ್ಬ ನೆಂಟ ಬಂದ. ಪಾದದಮ್ಮನ ತಂಗಿಯ ಅಳಿಯ. ಕೆಟ್ಟವನಲ್ಲ, ಉಪಕಾರಿ. ಜಗತ್ತಿನ ಬಹುಪಾಲು ಅನಾಹುತಗಳನ್ನು ಉಪಕಾರಿಗಳೇ ಮಾಡಿದ್ದು. ಎರಡು ದಿನ ಉಂಡು ಸುಮ್ಮನೆ ಹೋಗುವುದು ಹೇಗೆಂದು ಸಂಕೋಚ ಹುಟ್ಟಿ, "ಅತ್ತೆ, ಕಂಪ್ಯೂಟರ್ ತುಂಬಾ ಕಸ ಆಗಿದೆ, ಕ್ಲೀನ್ ಮಾಡಿಕೊಡ್ತೀನಿ" ಎಂದನಂತೆ. ಪುಕ್ಕಟೆ ಸಿಗುವ ಒಂದು ಕಸ ಗುಡಿಸುವ ಸಾಫ್ಟ್‌ವೇರ್ ತಂದು ಬಿಟ್ಟ. ಅಲಗು ಸ್ವಲ್ಪ ಎಡಕ್ಕೆ ಎಳೆಯುತ್ತದೆಂದು ಮೇಷ್ಟ್ರು ವರ್ಷಗಟ್ಟಲೆ ಕೂತು ಹೊಂದಿಸಿಟ್ಟ ತಿದ್ದುಪಡಿಗಳು ಅದರ ಕಣ್ಣಿಗೆ ಕಸವಾಗಿ ಕಂಡವು, ಗುಡಿಸಿತು. ಆಪತ್ತಿಗೆಂದು ಕಂಪ್ಯೂಟರ್ ತಾನೇ ಎತ್ತಿಟ್ಟುಕೊಂಡಿದ್ದ ನಕಲುಗಳು ಜಾಗ ತಿನ್ನುತ್ತವೆಂದು ಅವನ್ನೂ ಗುಡಿಸಿತು. ಕಪ್ಪು ಪರದೆ ಅಪಶಕುನದಂತಿದೆ ಎಂದು ಅಳಿಯ ತಿಳಿನೀಲಿ ಮಾಡಿದ. ಮೌಸನ್ನು ಬಲಗೈಗೆ ತಂದ. ಕತ್ತರಿಸುವ ಪ್ರೋಗ್ರಾಂ "ಹೊಸ ನೋಟ ಬೇಕೆ?" ಎಂದು ಕೇಳಿದ್ದಕ್ಕೆ ಬೇಕು ಎಂದೂ ಒತ್ತಿದ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದ ಎನ್ನೋಣವೆಂದರೆ, ಅಲ್ಲಿ ಉಗುರಿನ ಕೆಲಸವೂ ಇರಲಿಲ್ಲ.

"ಈಗ ಕುದುರೆ ಥರಾ ಓಡುತ್ತೆ ಅತ್ತೆ" ಎಂದು ಹೇಳಿ ಬಸ್ಸು ಹತ್ತಿದ.

"ಓಡ್ತು," ಎನ್ನುತ್ತಾರೆ ಮೇಷ್ಟ್ರು. "ಓಡಿಹೋದದ್ದು ಇನ್ನೂ ಸಿಕ್ಕಿಲ್ಲ."

ಎರಡು ದಿನದ ಹಿಂದೆ ವಾಪಸಕ್ಕನನ್ನು ಕರೆಸಿದರು. ಅವರ ಬಳಿ ನಕಲು ಇತ್ತು, ಹೋದ ವರ್ಷದ್ದು. ತಂದು ಹಾಕಿದರು. ಪರದೆ ಕಪ್ಪಾಯಿತು, ಅಕ್ಷರ ಹಳದಿಯಾಯಿತು, ಮೌಸು ಎಡಗೈಗೆ ಬಂತು, ಅಲಗಿನ ತಿದ್ದುಪಡಿಯೂ ಬಂತು. ಎಲ್ಲರೂ ಕೈ ತಟ್ಟುವುದೊಂದು ಬಾಕಿ. ಪಾದದಮ್ಮ ಕುರ್ಚಿಯಲ್ಲಿ ಕೂತು, ಅಂಚೆಯಣ್ಣನ ಎಡಗಾಲಿನ ನಕ್ಷೆ ತೆರೆಸಿ, ಅಭ್ಯಾಸಬಲದಿಂದ ಕೆಳಗಿನ ಮೂಲೆಗೆ ಕೈ ಒಯ್ದು ಒತ್ತಿದರು. ಹಳೆಯ ಕಾಲದಲ್ಲಿ ಅಲ್ಲಿ 'ಕತ್ತರಿಸು' ಇತ್ತು. ಹೊಸ ನೋಟದಲ್ಲಿ ಅಲ್ಲಿರುವುದು 'ಅಳಿಸು'.

ಒಂದು ಒತ್ತಿಗೆ ಅಂಚೆಯಣ್ಣನ ಎಡಗಾಲು ಮಾಯ. ಸುದ್ದಿ ಹೇಳಿದಾಗ ಅಂಚೆಯಣ್ಣ ಬಗ್ಗಿ ನೋಡಿಕೊಂಡು, "ಇಲ್ಲೇ ಇದೆಯಲ್ಲ ತಾಯಿ" ಎಂದರಂತೆ. ಎಲ್ಲರೂ ನಕ್ಕರು, ಪಾದದಮ್ಮ ನಗಲಿಲ್ಲ. ಮೇಷ್ಟ್ರು ಮತ್ತೆ ಅಳತೆ ತೆಗೆದು ನಕ್ಷೆ ಕೂರಿಸಿದ್ದೂ ಆಯಿತು. ಆದರೆ ಆಕೆ ಕುರ್ಚಿಯಿಂದ ಎದ್ದವರು ಮತ್ತೆ ಕೂರಲಿಲ್ಲ. "ಇವತ್ತು ಕಾಲು ಅಳಿಸ್ದೆ. ನಾಳೆ ಯಾರನ್ನ ಬೀಳಿಸ್ತೀನೋ. ನಾನಿನ್ನು ಮುಟ್ಟಲ್ಲ" ಎಂದುಬಿಟ್ಟರು. ಮೇಷ್ಟ್ರಿಗೆ ಹೊಲಿಗೆಯಿಂದ ಬಿಡುವಿಲ್ಲ. ಬೇರೆಯವರನ್ನು ತಂದು ಹೆಂಡತಿಯ ಕುರ್ಚಿಯಲ್ಲಿ ಕೂರಿಸಲು ಮನಸ್ಸಿಲ್ಲ. ಯಂತ್ರವನ್ನೇ ಕೊಟ್ಟುಬಿಡುತ್ತೇನೆಂದು ಯಾರಿಗೋ ಮಾತು ಕೊಟ್ಟಿದ್ದಾರೆ. ಆ ಆಸಾಮಿ ಇವತ್ತು ಮಧ್ಯಾಹ್ನ ನೋಡಲು ಬರುತ್ತಾನೆ.

ಅಂದು ತಪ್ಪಿದ್ದು ಎಲ್ಲಿ ಎಂದರೆ ವಾಪಸಕ್ಕ ನೇರವಾಗಿ ಹೇಳುತ್ತಾರೆ, ಸುತ್ತಿ ಬಳಸುವುದಿಲ್ಲ.

"ಗೊತ್ತಿದ್ದೂ ಮಾಡಿದ್ದು. ಗಡಿಬಿಡಿ. ಹಳೇ ನಕಲು ಹೋಗಿದ್ದನ್ನ ತರುತ್ತೆ, ಬಂದಿದ್ದನ್ನ ಹೊರಗೆ ಹಾಕಲ್ಲ. ಮದ್ವೆಯಾಗಿ ಹೋದ ಮಗಳು ತವರಿಗೆ ಬಂದ್ಲು ಅನ್ನಿ, ಅವಳ ಕೋಣೇಲಿ ಬಾಡಿಗೆಯೋನು ಕೂತಿದ್ರೆ? ಇಬ್ರೂ ಒಳಗೇ. ಆ ಅಳಿಯ ಒತ್ತಿದ 'ಹೊಸ ನೋಟ' ಅನ್ನೋ ಸಾಲು ನನ್ನ ಹಳೇ ನಕಲಲ್ಲಿ ಇರ್ಲೇ ಇಲ್ಲ. ಇಲ್ಲದೇ ಇರೋದನ್ನ ಅದು ಹೇಗೆ ಅಳಿಸುತ್ತೆ? ಮೊದ್ಲು ಬಾಡಿಗೆಯೋನನ್ನ ಎಬ್ಬಿಸ್ಬೇಕಿತ್ತು."

ಅದಕ್ಕೇ ಈ ಮುಂಜಾವು. ಯಾರೂ ಮುಟ್ಟದ ಹೊತ್ತಿನಲ್ಲಿ ಯಂತ್ರ ನಿನ್ನೆ ಮಲಗಿದ ಮಗ್ಗುಲಲ್ಲೇ ಇರುತ್ತದೆ ಎಂಬುದು ಅವರ ನಂಬಿಕೆ. ಈಗ ಅವರು ತೆಗೆಯುತ್ತಿರುವುದು ಕೆಟ್ಟ ಸ್ಥಿತಿಯ ನಕಲು. ಕೆಟ್ಟದ್ದನ್ನು ಏಕೆ ಕಾಪಾಡಬೇಕು ಎಂದು ಕೇಳುತ್ತೇನೆ.

"ಕೆಟ್ಟಿದ್ದು ಇನ್ನೂ ಕೆಡಬಹುದು ಸಾರ್. ಇಲ್ಲಿಗಾದ್ರೂ ವಾಪಸ್ ಬರೋಕೆ ಒಂದು ದಾರಿ ಬೇಡ್ವಾ?"

ಹಳೆಯ ಡಿಸ್ಕು ಕಿರುಗುಟ್ಟುತ್ತ, ಗಾಣದ ಎತ್ತಿನ ವೇಗದಲ್ಲಿ ನಕಲು ಬರೆಯುತ್ತಿದೆ. ಅದು ಮುಗಿಯುವಷ್ಟರಲ್ಲಿ ಒಂದು ಮಹಾಕಾವ್ಯ ಬರೆದು ಮುಗಿಸಬಹುದು. ನಾನು ಅಷ್ಟು ಮಾಡದೆ ಅವರ ಕತೆ ಕೇಳುತ್ತೇನೆ.

ವಾಪಸಕ್ಕ ಮೊದಲು ಟೈಪಿಂಗ್ ಕಲಿಸುತ್ತಿದ್ದರು. ಸಾಲಾಗಿ ಮೇಜುಗಳು, ಮೇಜಿನ ಮೇಲೆ ಕಬ್ಬಿಣದ ಯಂತ್ರಗಳು, ಇಡೀ ಬೀದಿಗೆ ಆಲಿಕಲ್ಲು ಬಿದ್ದಂಥ ಸದ್ದು. ಆ ಸಂಸ್ಥೆಗೆ ಒಂದು ದಿನ ಕಂಪ್ಯೂಟರ್ ಬಂತು. ಬಂತೆಂದರೆ ಹೊಸ ಸೊಸೆ ಬಂದ ಹಾಗೆ. ಅದಕ್ಕೊಂದು ಪ್ರತ್ಯೇಕ ಕೋಣೆ, ಕಿಟಕಿಗೆ ದಪ್ಪ ಪರದೆ, ಮೈತುಂಬ ಹೊದಿಕೆ. ಮನುಷ್ಯರು ಬೆವರುತ್ತಿದ್ದರು, ಕಂಪ್ಯೂಟರಿಗೆ ತಂಪು ಗಾಳಿ. ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು, ಉಸಿರು ಬಿಗಿಹಿಡಿದು ಒಳಗೆ ಹೋಗಬೇಕು. ಆ ದಿನಗಳ ಮಾತು ಬಂದರೆ ವಾಪಸಕ್ಕನ ದನಿ ಮೆತ್ತಗಾಗುತ್ತದೆ.

"ಆ ಹೊದಿಕೆ ತೆಗೆದು ಮಡಚಿಡೋದೇ ಒಂದು ಸಡಗರ. ಸ್ವಿಚ್ ಹಾಕಿದ್ರೆ ಒಂದು ರಾಗ ಬರ್ತಿತ್ತು ನೋಡಿ, ಹೊರಗೆ ಟೈಪು ಕುಟ್ಟೋರೆಲ್ಲ ಕೈ ನಿಲ್ಲಿಸಿ ಕೇಳೋರು. ಈಗ ಎಲ್ಲಾರ ಜೇಬಲ್ಲೂ ಕಂಪ್ಯೂಟರಿದೆ. ಯಾರೂ ಯಾವುದಕ್ಕೂ ಕೈ ನಿಲ್ಸಲ್ಲ."

ಒಂದು ದಿನ ಯಾವುದೋ ಪತ್ರಿಕೆಯಲ್ಲಿ ಬಂದ ಸಲಹೆ ಓದಿ, ಪರದೆಯ ಬಣ್ಣ ಬದಲಿಸಲು ಹೋಗಿ, ರಿಜಿಸ್ಟ್ರಿಯಲ್ಲಿ ಒಂದು ಸಾಲು ಅಳಿಸಿದರು. ರಾಗ ನಿಂತಿತು. ಸಂಸ್ಥೆಯ ಪ್ರಾಂಶುಪಾಲರು ಬೈಯಲಿಲ್ಲ. ಹೊದಿಕೆ ಹೊದಿಸಿ, "ವಿಶ್ರಾಂತಿ ತಗೋತಿದೆ" ಎಂದು ವಿದ್ಯಾರ್ಥಿಗಳಿಗೆ ಹೇಳಿದರು. ವಿದ್ಯಾರ್ಥಿಗಳು ನಂಬಿದರು, ಅಷ್ಟು ದುಬಾರಿ ವಸ್ತುವಿಗೆ ವಿಶ್ರಾಂತಿ ಬೇಡವೆ? ವಾರ ಕಳೆದು ದೂರದ ಊರಿನಿಂದ ಒಬ್ಬ ಮೆಕ್ಯಾನಿಕ್ ಬಸ್ಸಿನಲ್ಲಿ ಬಂದ. ಅರ್ಧ ದಿನ ಬೆವರು ಸುರಿಸಿ ಸರಿ ಮಾಡಿದ. ಹೊರಡುವಾಗ ಅಂದನಂತೆ: "ಮುಟ್ಟೋಕೆ ಮುಂಚೆ ಒಂದು ನಕಲು ಇಟ್ಟಿದ್ರೆ ನಾನು ಬರೋದೇ ಬೇಕಿರ್ಲಿಲ್ಲ ತಂಗಿ."

"ಆ ಮಾತು ಕಿವೀಲೇ ಕೂತುಬಿಡ್ತು. ಬೈದಿದ್ರೆ ಮರೀತಿದ್ದೆ."

ಟೈಪಿಂಗ್ ಯಂತ್ರಗಳು ಗುಜರಿ ಸೇರಿದವು. ಬೀದಿಗೊಂದು ಕಂಪ್ಯೂಟರ್ ಅಂಗಡಿ ಎದ್ದಿತು. ವಾಪಸಕ್ಕ ಊಟದ ಡಬ್ಬಿಯಲ್ಲಿ ಫ್ಲಾಪಿಗಳನ್ನಿಟ್ಟುಕೊಂಡು ಮನೆ ಮನೆ ತಿರುಗಿದರು. ಸ್ಟೀಲು ಡಬ್ಬಿಯೇ ಏಕೆಂದರೆ ಧೂಳು ಹೋಗದು, ಮಳೆ ತಾಗದು. ಅವರ ಯಜಮಾನರು ಬಸ್ ಕಂಡಕ್ಟರ್, ಈಗ ನಿವೃತ್ತರು. ಒಮ್ಮೆ ಡಬ್ಬಿ ಅದಲು ಬದಲಾಗಿ, ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಹಸಿದು ಮುಚ್ಚಳ ತೆಗೆದವರಿಗೆ ಫ್ಲಾಪಿಗಳ ದರ್ಶನ.

"ಊರಿನ ಅಷ್ಟೂ ಕಂಪ್ಯೂಟರಿನ ಜ್ಞಾಪಕಶಕ್ತಿ ನನ್ನ ಮುಂದೆ ಇತ್ತು ಸ್ವಾಮಿ," ಎಂದು ಮನೆಗೆ ಬಂದವರೆದುರು ಅವರು ಇಂದಿಗೂ ದೂರುತ್ತಾರೆ. "ಉಪ್ಪಿನಕಾಯಿ ಮಾತ್ರ ಇರ್ಲಿಲ್ಲ."

"ಆವತ್ತು ನನ್ನ ಕೆಲಸ ನಿಂತು ಹೋಯ್ತು, ಅದನ್ನ ಹೇಳಲ್ಲ ಇವ್ರು," ಎಂದು ವಾಪಸಕ್ಕ.

"ನಿನ್ನ ಕೆಲಸ ಮಾರನೇ ದಿನ ವಾಪಸ್ ಬಂತು. ನನ್ನ ಹಸಿವು ಬರುತ್ತೇನೇ?"

ಅವರ ಮನೆ ನೋಡಬೇಕು. ಕೂರಲು ಜಾಗವಿಲ್ಲ, ಎಲ್ಲ ಕಡೆ ಕಂಪ್ಯೂಟರುಗಳೇ ಕೂತಿವೆ. ಯಾರಾದರೂ ಹಳೆಯ ಕಂಪ್ಯೂಟರ್ ಎಸೆದರೆ ಇವರು ಹೊತ್ತು ತರುತ್ತಾರೆ, ಮತ್ತು ಗಿರಾಕಿಯ ಕಂಪ್ಯೂಟರನ್ನು ಹೋಲುವ ಒಂದು ಅವಳಿಯನ್ನು ಕಟ್ಟಿಡುತ್ತಾರೆ. ನಕಲು ತೆಗೆದ ಮೇಲೆ ಅದನ್ನು ಆ ಅವಳಿಯೊಳಗೆ ಹಾಕಿ, ಬದುಕುತ್ತದೋ ಇಲ್ಲವೋ ಎಂದು ನೋಡುತ್ತಾರೆ. ಮಂಚದ ಕೆಳಗೆ ದಂತವೈದ್ಯರ ಎಕ್ಸ್‌ರೇ ಯಂತ್ರದ ಅವಳಿ, ಅಟ್ಟದ ಮೇಲೆ ಲಾರಿ ತೂಗುವವರದು, ಅಡುಗೆಮನೆಯ ಕಪಾಟಿನಲ್ಲಿ ರಬ್ಬರ್ ಸ್ಟ್ಯಾಂಪ್ ಮಾಡುವವರದು. ಒಂದು ಸಾವಿರ ಇರಬಹುದು ಎಂದು ನಾನು ಬರೆದುಕೊಳ್ಳುತ್ತಿದ್ದರೆ ವಾಪಸಕ್ಕ ಇಣುಕಿ ನೋಡಿ, "ಎರಡು ಸೊನ್ನೆ ತೆಗೀರಿ" ಎನ್ನುತ್ತಾರೆ.

"ವಾಪಸ್ ಹಾಕಿ ನೋಡದ ನಕಲು, ಮೆಟ್ಟಿ ನೋಡದೆ ತಂದ ಚಪ್ಪಲಿ ಇದ್ದಂಗೆ. ದಾರಿ ಮಧ್ಯೆ ಕಚ್ಚುತ್ತೆ."

ಈಗ ಗಿರಾಕಿಗಳು ಕಡಿಮೆ. ಹೊಸ ಕಂಪ್ಯೂಟರಿನವರಿಗೆ ಇವರು ಬೇಕಿಲ್ಲ. ಕೆಟ್ಟರೆ ಎಸೆಯುತ್ತಾರೆ, ಹೊಸದು ತರುತ್ತಾರೆ. ಎಸೆಯಲಾಗದವರು ಮಾತ್ರ ಉಳಿದಿದ್ದಾರೆ: ತಯಾರಿಸಿದ ಕಂಪನಿ ಮುಚ್ಚಿಹೋದ, ಸಿ.ಡಿ. ಕಳೆದುಹೋದ, ಇನ್ನೊಮ್ಮೆ ಎಲ್ಲೂ ಸಿಗದ ಯಂತ್ರಗಳನ್ನು ನೆಚ್ಚಿಕೊಂಡವರು. ವಾಪಸಕ್ಕ ದಿನಕ್ಕೆ ಅಂಥವರ ಮೂರು ನಾಲ್ಕು ಬಾಗಿಲು ತಟ್ಟುತ್ತಾರೆ. ಧೂಳಿಗೆ ಸೀನು, ಗಿಡ್ಡ ಸ್ಟೂಲಿಗೆ ಬೆನ್ನುನೋವು. ಅವೆರಡಕ್ಕಿಂತ ದೊಡ್ಡ ಕಷ್ಟ ಬೇರೆಯೇ ಇದೆ.

"ಹೊಲಿಯೋರು ಹೊಲಿದ ಬಟ್ಟೆ ತೋರಿಸ್ತಾರೆ. ಬಡಗಿ ಕುರ್ಚಿ ತೋರಿಸ್ತಾನೆ. ನಾನು ಕೆಲಸ ಸರಿಯಾಗಿ ಮಾಡಿದ್ರೆ ಏನು ಕಾಣುತ್ತೆ ಹೇಳಿ? ಮೊನ್ನೆ ಇದ್ದಂಗೇ ಇರುತ್ತೆ. ಮೊನ್ನೆ ಇದ್ದಂಗೇ ಇದೆಯಲ್ಲ, ನೀನೇನು ಮಾಡ್ದೆ ಅಂತಾರೆ."

ಡಿಸ್ಕಿನ ಕಿರುಗುಟ್ಟುವಿಕೆ ನಿಲ್ಲುತ್ತದೆ. ಕೆಟ್ಟದ್ದರ ನಕಲು ಮುಗಿದಿದೆ. ವಾಪಸಕ್ಕ ಈಗ ತಿರುಗಿ ನನಗೆ ನಮಸ್ಕಾರ ಮಾಡುತ್ತಾರೆ. ನಾನು ಬಂದು ಒಂದು ಯುಗವಾಗಿದೆ.

ಹಿಂದಿನ ಕೋಣೆಯಿಂದ ಮೇಷ್ಟ್ರು ಬರುತ್ತಾರೆ. ಅವರ ಹಿಂದೆ ಗೋಡೆ ಸವರುತ್ತ ಪಾದದಮ್ಮ. ಆಕೆ ಕಂಪ್ಯೂಟರಿನ ಕಡೆ ಬರದೆ, ಬಾಗಿಲ ಬಳಿಯ ರಬ್ಬರ್ ಸುರುಳಿಯ ಮೇಲೆ ಕೂರುತ್ತಾರೆ.

"ಮಧ್ಯಾಹ್ನ ಆ ಮನುಷ್ಯ ಬರ್ತಾನೆ ಕಣೇ," ಎನ್ನುತ್ತಾರೆ ಮೇಷ್ಟ್ರು.

"ಬರ್ಲಿ. ಬೇಡ ಅಂದೋರು ಯಾರು?"

"ನೀನು ಬೇಡ ಅಂದ್ರೆ ಈಗ್ಲೇ ಫೋನ್ ಮಾಡ್ತೀನಿ."

"ಬೇಡ ಅನ್ನೋಕೆ ನಂಗೇನು ಕಣ್ಣಿದ್ಯಾ? ಸುಮ್ನಿರಿ ನೀವು."

ಮೇಷ್ಟ್ರು ಒಂದು ಕಾಲಚ್ಚು ಎತ್ತಿಕೊಂಡು, ಒರೆಸಲು ಏನೂ ಇಲ್ಲದಿದ್ದರೂ ಒರೆಸುತ್ತಾರೆ. ವಾಪಸಕ್ಕ ಈ ಮಾತು ಕೇಳಿಸದವರಂತೆ ಪರದೆಗೆ ಮುಖ ಮಾಡುತ್ತಾರೆ. ಈಗ ಮಾಡಬೇಕಾದದ್ದು ಬಾಡಿಗೆಯವನನ್ನು ಎಬ್ಬಿಸುವ ಕೆಲಸ. ಕತ್ತರಿಸುವ ಪ್ರೋಗ್ರಾಮಿಗೆ ಸಂಬಂಧಿಸಿದ ರಿಜಿಸ್ಟ್ರಿಯ ಇಡೀ ಕೊಂಬೆಯನ್ನು, ಹಳೆಯದು ಹೊಸದು ಎನ್ನದೆ ಬುಡಸಮೇತ ತೆಗೆದುಹಾಕಬೇಕು. ಆಮೇಲೆ ಖಾಲಿ ಜಾಗದಲ್ಲಿ ಹಳೆಯ ನಕಲನ್ನು ನೆಡಬೇಕು. ತೆಗೆಯುವುದಕ್ಕೂ ನೆಡುವುದಕ್ಕೂ ನಡುವೆ ಈ ಯಂತ್ರಕ್ಕೆ ತಾನು ಯಾರು, ಅಲಗು ಎಲ್ಲಿದೆ, ಏನೊಂದೂ ತಿಳಿಯದು.

"ನಿನ್ನೆ ಅವಳೀಲಿ ಮಾಡಿ ನೋಡ್ದೆ. ಬಂತು," ಎನ್ನುತ್ತಾರೆ ಮೆಲ್ಲಗೆ. "ಆದ್ರೆ ಅವಳಿಗೆ ಅಲಗಿಲ್ಲ."

ನಿಜವಾಗಿಯೂ ಅಳಿಸಬೇಕೆ ಎಂದು ಪರದೆ ಕೇಳುತ್ತದೆ. ವಾಪಸಕ್ಕ ಒಮ್ಮೆ ಕೈಯನ್ನು ಮಡಿಲಿಗೆ ತಂದು ಉಜ್ಜಿಕೊಂಡು, ಹೌದು ಎಂದು ಒತ್ತುತ್ತಾರೆ. ಆ ಕ್ಷಣ ಊರಿನ ಗಡಿಯಾರಗಳೆಲ್ಲ ನಿಂತವು ಎಂದು ಬರೆಯುವ ಆಸೆ ನನಗಿದೆ. ಕನಿಷ್ಠಪಕ್ಷ ಮೇಷ್ಟ್ರ ಕೈಯಲ್ಲಿನ ಬಟ್ಟೆ ನಿಂತದ್ದಂತೂ ಸತ್ಯ.

ಹಳೆಯ ನಕಲು ಒಳಗೆ ಹೋಗುತ್ತದೆ. ಯಂತ್ರ ಆರಿಸಿ ಮತ್ತೆ ಹೊತ್ತಿಸುತ್ತಾರೆ. ಫ್ಯಾನು ಗುರುಗುಡುತ್ತದೆ. ಪರದೆ ಕಪ್ಪಾಗುತ್ತದೆ, ಕಪ್ಪಾಗಿಯೇ ಇರುತ್ತದೆ, ಮೂಲೆಯಲ್ಲಿ ಹಳದಿ ಅಕ್ಷರ ಮೂಡುತ್ತದೆ. ಪ್ರೋಗ್ರಾಂ ತೆರೆಯುತ್ತದೆ. ಹೊಸ ನೋಟ ಇಲ್ಲ. ಹೋದ ವರ್ಷ ಹೇಗಿತ್ತೋ ಹಾಗೆ, ಒಂದು ಕೂದಲೂ ಕೊಂಕಿಲ್ಲ.

"ಬನ್ನಿ ಅಮ್ಮ," ಎನ್ನುತ್ತಾರೆ ವಾಪಸಕ್ಕ, ಸ್ಟೂಲಿನಿಂದ ಎದ್ದು, ಪಕ್ಕಕ್ಕೆ ಸರಿಸಿದ್ದ ಕುರ್ಚಿಯನ್ನು ಜಾಗಕ್ಕೆ ಎಳೆದು.

ಪಾದದಮ್ಮ ಅಲ್ಲಾಡುವುದಿಲ್ಲ. "ಇನ್ಯಾರ ಕಾಲು ಅಳಿಸ್ಲಿ?"

"ನನ್ನದು ಅಳಿಸು," ಎನ್ನುತ್ತಾರೆ ಮೇಷ್ಟ್ರು. "ಹೇಗೂ ಮಂಡಿನೋವು."

ಆಕೆ ಬಯ್ಯುತ್ತಲೇ ಎದ್ದು ಬಂದು ಕೂರುತ್ತಾರೆ. ಕತ್ತನ್ನು ಓರೆ ಮಾಡಿ, ಕಣ್ಣಿನ ಅಂಚಿನಿಂದ ಪರದೆ ನೋಡುತ್ತಾರೆ. ಮುಂದಕ್ಕೆ ಬಾಗುತ್ತಾರೆ. ಇನ್ನೂ ಬಾಗುತ್ತಾರೆ, ಮೂಗು ಗಾಜಿಗೆ ತಾಗುವಷ್ಟು.

"ಅಕ್ಷರ ಎಲ್ಲಿದ್ಯೇ?"

ವಾಪಸಕ್ಕನ ಮುಖದ ಬಣ್ಣ ಇಳಿಯುತ್ತದೆ. ಅಕ್ಷರ ಇದ್ದಲ್ಲೇ ಇದೆ, ಹೋದ ವರ್ಷದಷ್ಟೇ ದಪ್ಪಕ್ಕೆ. ಆದರೆ ಈ ಒಂದು ವರ್ಷದಲ್ಲಿ ಪಾದದಮ್ಮನ ಕಣ್ಣು ಇನ್ನಷ್ಟು ಮಂಕಾಗಿದೆ. ನಡುನಡುವೆ ಆಕೆ ತಾವೇ ಅಕ್ಷರವನ್ನು ಒಂದೊಂದು ಮೆಟ್ಟಿಲು ದಪ್ಪ ಮಾಡಿಕೊಳ್ಳುತ್ತ ಬಂದಿದ್ದರು. ಏನೂ ಕೆಟ್ಟಿರಲಿಲ್ಲವಾದ್ದರಿಂದ ಯಾರೂ ವಾಪಸಕ್ಕನನ್ನು ಕರೆದಿರಲಿಲ್ಲ. ಆ ಮೆಟ್ಟಿಲುಗಳ ನಕಲು ಯಾರ ಬಳಿಯೂ ಇಲ್ಲ. ಮೊನ್ನೆಯೂ ಅಕ್ಷರ ಇಷ್ಟೇ ಇತ್ತು. ಕೈ ತಾನಾಗಿ ಹೋಗಿ ಒತ್ತಿದ್ದರಿಂದ ಓದುವ ಮಾತೇ ಬಂದಿರಲಿಲ್ಲ. ಈಗ ಅಂಜಿಕೆ ಹೊಕ್ಕ ಕೈಗೆ ಕಣ್ಣಿನ ಸಾಕ್ಷಿ ಬೇಕಾಗಿದೆ.

"ಯಂತ್ರ ವಾಪಸ್ ಬಂತಮ್ಮ," ಎನ್ನುತ್ತಾರೆ ವಾಪಸಕ್ಕ. "ತಡೀರಿ, ದೊಡ್ಡದು ಮಾಡ್ತೀನಿ."

"ತಡಿ ನೀನೇ. ಎಲ್ಲಾ ಇದ್ದಲ್ಲೇ ಇದ್ಯಾ?"

"ಇದ್ದಲ್ಲೇ ಇದೆ."

"ನಿನ್ನ ಮಾತು ನಂಬ್ಲಾ?"

ನಾನಾಗಿದ್ದರೆ ಎದೆ ತಟ್ಟಿ ಹತ್ತು ಆಣೆ ಹಾಕುತ್ತಿದ್ದೆ. ವಾಪಸಕ್ಕ ಪರದೆಯನ್ನು ಮೂಲೆಯಿಂದ ಮೂಲೆಗೆ ಇನ್ನೊಮ್ಮೆ ನೋಡಿ, "ನಂಬಿ" ಎನ್ನುತ್ತಾರೆ.

ಪಾದದಮ್ಮ ಕಣ್ಣು ಮುಚ್ಚುತ್ತಾರೆ. ಬಲಗೈ ರಬ್ಬರಿನ ಮೇಲೆ, ಎಡಗೈ ಮೌಸಿನ ಮೇಲೆ. ಎಡಗೈ ಮೇಲಿನ ಮೂಲೆಗೆ ಹೋಗುತ್ತದೆ. ಅಂಚೆಯಣ್ಣನ ಎಡಗಾಲು ಪರದೆಯ ಮೇಲೆ ತೆರೆಯುತ್ತದೆ. ಅಲ್ಲಿಂದ ಕೈ ಓರೆಯಾಗಿ ಕೆಳಗಿನ ಮೂಲೆಗೆ ಇಳಿದು ನಿಲ್ಲುತ್ತದೆ. ಬೆರಳು ಮೇಲೆಯೇ ಇದೆ, ಒತ್ತುವುದಿಲ್ಲ.

ಒತ್ತುತ್ತಾರೆ.

ಅಲಗು ಇಳಿಯುತ್ತದೆ. ಎಡಕ್ಕೆ ಎಳೆಯುವ ಚಾಳಿಯನ್ನು ಮೇಷ್ಟ್ರ ಹಳೆಯ ತಿದ್ದುಪಡಿ ಹಿಡಿದು ನಿಲ್ಲಿಸುತ್ತದೆ. ರಬ್ಬರ್ ಸೀಳುವ ಉದ್ದನೆಯ ಸದ್ದು ಹಿಮ್ಮಡಿಯಿಂದ ಬೆರಳಿನವರೆಗೆ ಹೋಗಿ, ಸುತ್ತಿ ಬಂದು ಮುಗಿಯುತ್ತದೆ. ಅಟ್ಟೆ ತಟ್ಟೆಗೆ ಬೀಳುತ್ತದೆ. ಪಾದದಮ್ಮ ಅದನ್ನೆತ್ತಿ, ಕಣ್ಣು ತೆರೆಯದೆಯೇ, ಅಂಚಿನ ಸುತ್ತ ಹೆಬ್ಬೆರಳು ಆಡಿಸುತ್ತಾರೆ. ಒಂದು ಸುತ್ತು, ಮತ್ತೆ ಇನ್ನೊಂದು ಸುತ್ತು. ಆಮೇಲೆ ಗಂಡನ ಕಡೆ ಚಾಚುತ್ತಾರೆ.

"ನೋಡಿ. ಅವನದ್ದೇ."

ಮೇಷ್ಟ್ರು ಅಚ್ಚಿಗೆ ಹಿಡಿದು ನೋಡುತ್ತಾರೆ. ಅಟ್ಟೆಯನ್ನು ಕಂಕುಳಲ್ಲಿ ಅವುಚಿಕೊಂಡು ಹೊರಗೆ ಹೋಗಿ ಫೋನು ಮಾಡುತ್ತಾರೆ. "ಇವತ್ತು ಬರ್ಬೇಡಿ" ಎಂದದ್ದು ನಮಗೆಲ್ಲ ಕೇಳಿಸುತ್ತದೆ. ಆ ಕಡೆಯವನು ಏನೋ ಕೇಳಿರಬೇಕು. "ಇಲ್ಲ, ನಾಳೆನೂ ಬೇಡ. ಯಂತ್ರದ ಮುಂದೆ ಜನ ಕೂತಿದ್ದಾರೆ" ಎನ್ನುತ್ತಾರೆ.

ವಾಪಸಕ್ಕ ಬಾಗಿ ಅಕ್ಷರ ದಪ್ಪ ಮಾಡುತ್ತಾರೆ. "ಇಷ್ಟು?" "ಇನ್ನೂ." "ಇಷ್ಟು?" "ಇನ್ನೊಂದು ಚೂರು. ಹಾಂ." ಅರ್ಧ ಪರದೆಗೆ ಒಂದೇ ಪದ ಹಿಡಿಸುವಷ್ಟು ದೊಡ್ಡದಾಗಿದೆ. ಪಾದದಮ್ಮ ಎರಡನೇ ಅಟ್ಟೆಗೆ ಕೈ ಹಾಕುವ ಮೊದಲೇ ವಾಪಸಕ್ಕ ಪೆನ್‌ಡ್ರೈವ್ ಚುಚ್ಚಿ, ಈಗಿರುವ ಸ್ಥಿತಿಯ ಹೊಸ ನಕಲು ತೆಗೆಯಲು ಬಿಡುತ್ತಾರೆ. ಡಿಸ್ಕು ಮತ್ತೆ ತನ್ನ ಗಾಣ ಶುರು ಮಾಡುತ್ತದೆ. ಬೀದಿಯಲ್ಲಿ ಬಿಸಿಲು ಬಂದಿದೆ.

ಇಂಥ ಲೇಖನದ ಕೊನೆಗೆ ಕೇಳಲೇಬೇಕಾದ ಪ್ರಶ್ನೆ ಕೇಳುತ್ತೇನೆ: ನಿಮಗೇನು ಆಸೆ? ಚಿನ್ನದ ಪದಕ, ಬೀದಿಗೆ ನಿಮ್ಮ ಹೆಸರು, ನಾಲ್ಕು ರಸ್ತೆ ಕೂಡುವಲ್ಲಿ ಒಂದು ಪ್ರತಿಮೆ? ಎಲ್ಲಕ್ಕೂ ನಾನು ಜವಾಬ್ದಾರಿ ಹೊರಲು ಸಿದ್ಧ.

ವಾಪಸಕ್ಕ ನಗುತ್ತಾರೆ. "ಪ್ರತಿಮೆ ಮಾಡಿದ್ರೆ ಎರಡು ಮಾಡಿ, ಒಂದು ನಕಲು." ಆಮೇಲೆ ಕನ್ನಡಕ ಒರೆಸುತ್ತ ಹೇಳುತ್ತಾರೆ: "ಕೆಟ್ಟ ಮೇಲೆ ಎಲ್ಲಾರೂ ಕರೀತಾರೆ ಸಾರ್. ನಾನು ಹೋದ ಮನೇಲೆಲ್ಲ ಅಳೋ ಮುಖಾನೇ ನೋಡಿದ್ದು. ಚೆನ್ನಾಗಿದ್ದಾಗ ಯಾರಾದ್ರೂ ಒಂದ್ಸಲ ಕರೀಬೇಕು. ಅಷ್ಟೇ."

ಪಾದದಮ್ಮ ತಿರುಗದೆಯೇ, ರಬ್ಬರ್ ಹಾಳೆ ಸರಿಪಡಿಸುತ್ತ ಹೇಳುತ್ತಾರೆ:

"ಬರೋ ತಿಂಗಳು ಬಾರೇ. ಏನೂ ಕೆಟ್ಟಿರಲ್ಲ. ಅಷ್ಟೊತ್ತಿಗೆ ನನ್ನ ಕಣ್ಣು ಇನ್ನೆಷ್ಟು ಇಳಿದಿರುತ್ತೋ, ಆವತ್ತಿನ ಲೆಕ್ಕಕ್ಕೆ ಇನ್ನೊಂದು ತೆಗೆದಿಡು."

ವಾಪಸಕ್ಕ ತಲೆಯಾಡಿಸುತ್ತಾರೆ. ತಲೆಯಾಡಿಸಿದ್ದು ಆಕೆಗೆ ಕಾಣದೆಂದು ನೆನಪಾಗಿ, ಹತ್ತಿರ ಹೋಗಿ ಹೇಳುತ್ತಾರೆ:

"ಬರ್ತೀನಮ್ಮ."